ಲವಣಜಲದ ಕಥೆ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆಯೆಂಬ ಹಳ್ಳಿಯಿದೆ. ಬಹುಕಾಲ ಹೆಚ್ಚಾಗಿ ಜಿಲ್ಲೆಯವರಿಗಷ್ಟೆ ಗೊತ್ತಿದ್ದ ಈ ಹೆಸರು 2023ರ ಫೆಬ್ರವರಿ 27ರಂದು ನಾಡಿಗೆಲ್ಲ ಕೇಳಿಸಿತು. ಅಂದು ಅಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ ನಡೆಯಿತು. ಓಡುಹಾದಿಯ ಉದ್ದ 3200 ಮೀಟರು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನ ವಿಮಾನ ಸಂಚಾರವೂ ಮೊದಲಾಯಿತು. ಎತ್ತಿನ ಗಾಡಿ ಸಾಗುತ್ತಿದ್ದ ಹಾದಿಯ ಮಗ್ಗುಲಲ್ಲೇ ವಿಮಾನ ಇಳಿಯುವುದನ್ನು ಕಂಡವರಿಗೆ, ಇನ್ನು ಯಾವ ದೊಡ್ಡ ಆಸ್ಪತ್ರೆಯೂ ದೂರವಲ್ಲ ಎಂಬ ಧೈರ್ಯ ಬಂದರೆ ಅದು ಸಹಜವೇ. ಅದಕ್ಕೂ ಮುಂಚೆ, 2008ರ ನವೆಂಬರ್ 1ರಂದು, ‘ಆರೋಗ್ಯ ಕವಚ’ದ 108ರ ಗಾಡಿಗಳು ರಾಜ್ಯದ ರಸ್ತೆಗಳಿಗೆ ಇಳಿದಿದ್ದವು.

ಆದರೆ ಎಳೆಯ ಮಕ್ಕಳ ಕಾಯಿಲೆಗಳಲ್ಲಿ ಒಂದಕ್ಕೆ ವಿಮಾನವೂ ತಡ, ಗಾಡಿಯೂ ತಡ. ಅದರ ಮೊದಲ ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಲ್ಲ, ಮನೆಯ ಅಡಿಗೆಯೊಲೆಯ ಪಕ್ಕದಲ್ಲಿ ಆರಂಭವಾಗಬೇಕು. ಆ ಕಾಯಿಲೆ ವಾಂತಿಭೇದಿ. ಆ ಚಿಕಿತ್ಸೆ ಉಪ್ಪು ಸಕ್ಕರೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ನೀರು. ಹೇಳುವುದಕ್ಕೆ ಇಷ್ಟು ಸುಲಭವಾದ ಈ ಮಾತನ್ನು ಕಂಡುಕೊಳ್ಳುವುದಕ್ಕೆ ವೈದ್ಯಶಾಸ್ತ್ರಕ್ಕೆ ನೂರಮೂವತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ಕಂಡುಕೊಂಡು ಅರ್ಧ ಶತಮಾನ ಕಳೆದರೂ ಅದಿನ್ನೂ ಎಲ್ಲ ಮಕ್ಕಳ ಬಾಯಿಗೆ ಮುಟ್ಟಿಲ್ಲ. ಏಕೆ ಮುಟ್ಟಿಲ್ಲವೆಂಬುದನ್ನು ಇತ್ತೀಚೆಗೆ ನಮ್ಮ ಕರ್ನಾಟಕದ ಪಟ್ಟಣಗಳಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. ಆ ಕಥೆಯನ್ನು ಮೊದಲಿನಿಂದ ಹೇಳುವುದು ಇಲ್ಲಿನ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕ. ಹತ್ತು ಕಿಲೋ ತೂಗುವ ಒಂದು ಮಗುವನ್ನು ಮನಸ್ಸಿಗೆ ತಂದುಕೊಳ್ಳಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ. ಭೇದಿಯಾಗಿ ಅರ್ಧ ಲೀಟರಿನಷ್ಟು ನೀರು ಮೈಯಿಂದ ಹೋದರೆ ಮಗು ಬಾಯಾರಿ ಹಟಮಾಡುತ್ತದೆ, ಕಣ್ಣು ಗುಳಿ ಬೀಳುತ್ತದೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಥಟ್ಟನೆ ಕೂಡಿಕೊಳ್ಳುವುದಿಲ್ಲ. ಒಂದು ಲೀಟರು ಹೋಯಿತೆಂದರೆ ಜೀವಕ್ಕೇ ಸಂಚಕಾರ. ದೊಡ್ಡವರಲ್ಲಿ ಅಷ್ಟೇ ನೀರು ಹೋದರೆ ನಿಶ್ಶಕ್ತಿಯೆಂದು ಮಲಗಿಯಾರು. ಮಗುವಿಗೆ ಅದೇ ಮೃತ್ಯು. ಅದೂ ದಿನಗಟ್ಟಲೆ ಕಾಯುವ ಮೃತ್ಯುವಲ್ಲ. ಬೆಳಗ್ಗೆ ಅಂಗಳದಲ್ಲಿ ಆಡುತ್ತಿದ್ದ ಮಗು ಸಂಜೆಗೆ ಕೈಬಿಟ್ಟು ಹೋಗಬಹುದು. ಇಲ್ಲಿ ಕೊಲ್ಲುವುದು ರೋಗಾಣುವಿಗಿಂತ ಹೆಚ್ಚಾಗಿ ನೀರಿನ ನಷ್ಟ, ಮತ್ತು ಆ ನೀರಿನೊಡನೆ ಹರಿದುಹೋಗುವ ಲವಣಗಳ ನಷ್ಟ.

ಹಾಗಾದರೆ ಹೋದ ನೀರನ್ನು ಕುಡಿಸಿ ತುಂಬಿದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ನಮ್ಮ ಹಿರಿಯರಿಗೆ ಹಾಗೆ ತೋರಲಿಲ್ಲ. ನೀರು ನೀರಾಗಿ ಹೋಗುತ್ತಿರುವಾಗ ಇನ್ನೂ ನೀರು ಕೊಟ್ಟರೆ ಭೇದಿ ಹೆಚ್ಚುವುದಲ್ಲದೆ ಕಡಿಮೆಯಾಗುವುದೆಂತು? ಲಂಘನವೇ ಪರಮೌಷಧ ಎಂಬ ಮಾತು ಬೇರೆ ಬಾಯಲ್ಲಿತ್ತು. ಹಲ್ಲು ಹುಟ್ಟುವಾಗ ಭೇದಿ ಸಹಜವೆಂದು ಕೆಲವರು ಸುಮ್ಮನಿದ್ದರು. ದೃಷ್ಟಿ ತಾಕಿತೆಂದು ಕೆಲವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಉಪ್ಪಿನಲ್ಲಿ ಒಂದು ಚಿಟಿಕೆ ನೀರಿಗೆ ಬಿದ್ದಿದ್ದರೆ ಒಳಿತಾಗುತ್ತಿತ್ತೆಂದು ಈಗ ಹೇಳುವುದು ಸುಲಭ. ಊರಿಗೆ ಊರೇ ಕಾಲರಾದಿಂದ ಮಲಗಿದಾಗ ಮಾರಿಯ ಮೊರೆಹೋಗಿ ಆಕೆಯನ್ನು ಎಲ್ಲೆಯಾಚೆ ಸಾಗಿಸುವುದೊಂದೇ ಅವರಿಗೆ ತಿಳಿದಿದ್ದ ಉಪಾಯ.

ಇದನ್ನು ಕೇಳಿ ಹಿರಿಯರನ್ನು ಹಳಿಯಬೇಕಾಗಿಲ್ಲ. ಪಾಶ್ಚಾತ್ಯ ವೈದ್ಯರ ನಂಬಿಕೆಯೂ ಇದೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಕಾಲರಾ ರೋಗಿಯ ರಕ್ತ ತೆಗೆದರು, ಮೇಲಿಂದ ವಿರೇಚಕವನ್ನೂ ಕೊಟ್ಟರು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಭೇದಿಯ ಮಗುವಿನ ಕರುಳಿಗೆ ವಿಶ್ರಾಂತಿ ಬೇಕೆಂದು ಹೇಳಿ, ಹೆಸರಾಂತ ಆಸ್ಪತ್ರೆಗಳಲ್ಲಿಯೇ ಆಹಾರವನ್ನು ನಿಲ್ಲಿಸುತ್ತಿದ್ದರು. ಲಂಘನದ ವಿಷಯದಲ್ಲಿ ನಮ್ಮ ಅಜ್ಜಿಯೂ ಲಂಡನ್ನಿನ ಡಾಕ್ಟರೂ ಒಂದೇ ಪಾಠ ಓದಿದವರು.

ಈ ಪಾಠ ತಪ್ಪೆಂಬ ಮೊದಲ ಸುಳಿವು ಸಿಕ್ಕಿದ್ದು 1831ರಲ್ಲಿ. ಆ ವರ್ಷ ಇಂಗ್ಲೆಂಡಿನ ಉತ್ತರಭಾಗಕ್ಕೆ ಕಾಲರಾ ಕಾಲಿಟ್ಟಿತು. ವಿಲಿಯಂ ಬ್ರೂಕ್ ಓಷಾನೆಸಿ ಎಂಬ ಇಪ್ಪತ್ತೆರಡು ವರ್ಷದ ಐರಿಷ್ ವೈದ್ಯ ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಅದರಿಂದ ನೀರೂ ಲವಣಗಳೂ ಕ್ಷಾರವೂ ಹೊರಟುಹೋಗಿವೆ, ಅವನ್ನು ಮರಳಿ ತುಂಬಬೇಕು ಎಂದು ಸಾರಿದ. ರೇಡಿಯೋ ಕೇಳುವ ನಮಗೆ ಈತ ಇನ್ನೊಂದು ಕಾರಣದಿಂದಲೂ ಸ್ಮರಣೀಯ. 1833ರಲ್ಲಿ ಕಲ್ಕತ್ತೆಗೆ ಬಂದ ಈತನೇ ಮುಂದೆ, 1850ರ ದಶಕದಲ್ಲಿ, ಭಾರತದ ತಂತಿ ಮಾರ್ಗವನ್ನು ಹಾಕಿಸಿದ. ದೂರದ ಮಾತನ್ನು ಮನೆಬಾಗಿಲಿಗೆ ತರುವ ಕೆಲಸಕ್ಕೂ ಮಕ್ಕಳ ಪ್ರಾಣ ಉಳಿಸುವ ಈ ಕೆಲಸಕ್ಕೂ ನಂಟು ಅಂದೇ ಬೆಳೆದಿತ್ತೆನ್ನಬೇಕು.

ಓಷಾನೆಸಿಯ ಮಾತನ್ನು ಕಾರ್ಯಕ್ಕೆ ತಂದವನು ಸ್ಕಾಟ್ಲೆಂಡಿನ ಲೀತ್ ಪಟ್ಟಣದ ತಾಮಸ್ ಲಟ್ಟ. 1832ರ ಮೇ ತಿಂಗಳಲ್ಲಿ, ಆಸೆ ಬಿಟ್ಟಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಈತ ಉಪ್ಪುನೀರನ್ನು ಸೇರಿಸಿದ. ಬತ್ತಿದ್ದ ಮುಖಕ್ಕೆ ಕಳೆ ಬಂದಿತು, ನಾಡಿ ಕೈಗೆ ಸಿಕ್ಕಿತು. ಗೆದ್ದೆನೆಂದು ಲಟ್ಟ ಆಕೆಯನ್ನು ಬೇರೊಬ್ಬ ವೈದ್ಯನ ವಶಕ್ಕೆ ಬಿಟ್ಟು ಹೋದ. ವಾಂತಿಭೇದಿ ಮರುಕಳಿಸಿತು, ಮತ್ತೆ ನೀರು ತುಂಬುವವರಿಲ್ಲದೆ ಕೆಲವೇ ಗಂಟೆಗಳಲ್ಲಿ ಆಕೆ ತೀರಿಕೊಂಡಳು. ಹೋಗುತ್ತಿರುವಷ್ಟು ಕಾಲವೂ ತುಂಬುತ್ತಿರಬೇಕು, ಒಮ್ಮೆ ತುಂಬಿದರೆ ಸಾಲದು ಎಂಬ ಪಾಠ ಆ ಸಾವಿನಲ್ಲಿತ್ತು. ಅದನ್ನು ಓದಿಕೊಂಡವರು ಕಡಿಮೆ. ಮರುವರ್ಷ ಲಟ್ಟ ಕಾಲವಾದ. ಅವನ ವಿಧಾನವೂ ಮರೆತುಹೋಯಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಲೆನರ್ಡ್ ರಾಜರ್ಸ್ ಈ ವಿಧಾನವನ್ನು ಮತ್ತೆ ಎತ್ತಿ ಹಿಡಿದರು. ರಕ್ತನಾಳದ ಮೂಲಕ ಲವಣಜಲವನ್ನು ಹಾಯಿಸಿ ಕಾಲರಾದ ಸಾವನ್ನು ಬಹುಮಟ್ಟಿಗೆ ಇಳಿಸಿದರು. 1940ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಡೇನಿಯಲ್ ಡ್ಯಾರೋ, ಭೇದಿಯ ಮಗು ಉಪ್ಪನ್ನಷ್ಟೇ ಅಲ್ಲ ಪೊಟ್ಯಾಸಿಯಮ್ಮನ್ನೂ ಕಳೆದುಕೊಳ್ಳುತ್ತದೆಂದು ತೋರಿಸಿ ಅದನ್ನೂ ಸೇರಿಸಿದರು. ವಿದ್ಯೆ ಬೆಳೆಯಿತು, ಆದರೆ ಅದೆಲ್ಲ ಸೂಜಿಯ ವಿದ್ಯೆ. ಶುದ್ಧಿಮಾಡಿದ ದ್ರವ ಬೇಕು, ಬಾಟಲಿ ಬೇಕು, ರಬ್ಬರು ಕೊಳವೆ ಬೇಕು. ನೀರು ಬತ್ತಿದ ಕೂಸಿನ ದಾರದೆಳೆಯಂಥ ನಾಳವನ್ನು ಹುಡುಕಿ ಸೂಜಿ ಸೇರಿಸಬಲ್ಲ ಕೈ ಬೇಕು. ಹಳ್ಳ ತುಂಬಿ ಹರಿಯುವ ಆಷಾಢದ ರಾತ್ರಿ ಮಲೆನಾಡಿನ ಒಂಟಿಮನೆಯಲ್ಲಿ ಮಗುವಿಗೆ ಭೇದಿ ಹಿಡಿದರೆ ಇವುಗಳಲ್ಲಿ ಯಾವುದು ಸಿಕ್ಕೀತು?

ಬಾಯಿಂದಲೇ ಕುಡಿಸಿ ಉಳಿಸಬಹುದೆಂದು ಧೈರ್ಯವಾಗಿ ಹೇಳಿದವರಲ್ಲಿ ಕಲ್ಕತ್ತೆಯ ಡಾಕ್ಟರ್ ಹೇಮೇಂದ್ರನಾಥ ಚಟರ್ಜಿ ಮೊದಲಿಗರು. 1953ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಅವರು ತಮ್ಮ 186 ಕಾಲರಾ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ರೋಗ ತೀರ ಉಲ್ಬಣಿಸದಿದ್ದ ಇವರಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದ್ದರು, ಎಲ್ಲರೂ ಬದುಕಿದರು. ಜೊತೆಗೆ ಒಂದು ಎಲೆಯ ರಸವನ್ನೂ ಅವರು ಬಳಸಿದ್ದರು. ಯಾವ ಎಲೆಯೆಂದು ಕೇಳಿದರೆ ನಮ್ಮ ಗೃಹಿಣಿಯರಿಗೆ ಸೋಜಿಗವಾದೀತು: ಹಿತ್ತಿಲಲ್ಲಿ ಬೆಳೆದು ತಂಬುಳಿಗೆ ಬೀಳುವ ದೊಡ್ಡಪತ್ರೆ.

ಇಷ್ಟಾದರೂ ಚಟರ್ಜಿಯವರ ಮಾತನ್ನು ಲೋಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ಒಂದು ನ್ಯಾಯವಾದ ಕಾರಣವೂ ಉಂಟು. ಎಷ್ಟು ನೀರು ಒಳಹೋಯಿತು, ಎಷ್ಟು ಹೊರಹೋಯಿತು ಎಂಬ ಅಳತೆಯನ್ನು ಅವರು ಕೊಟ್ಟಿರಲಿಲ್ಲ. ಬೇರೆ ಚಿಕಿತ್ಸೆ ಪಡೆದ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿರಲಿಲ್ಲ. ಎಲೆಯ ರಸದಿಂದ ವಾಸಿಯಾಯಿತೋ ನೀರಿನಿಂದ ಆಯಿತೋ, ತಾನಾಗಿಯೇ ಆಯಿತೋ ಎಂದು ಕೇಳಿದರೆ ಉತ್ತರವಿರಲಿಲ್ಲ. ಸತ್ಯವನ್ನು ಕಂಡರೆ ಸಾಲದು, ಕಂಡದ್ದನ್ನು ಅಳೆದು ತೋರಿಸಬೇಕು. ಈ ಅಳತೆಗಾಗಿ ಇನ್ನೂ ಹದಿನೈದು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ಕರುಳಿನ ಒಂದು ಗುಟ್ಟು ಹೊರಬಿದ್ದಿತು. 1960ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ವಿಜ್ಞಾನಿಗಳ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್, ಸಣ್ಣ ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಮ್ಮೂ ಗ್ಲೂಕೋಸೂ ಜೊತೆಜೊತೆಯಾಗಿಯೇ ಒಳಹೋಗುತ್ತವೆಂದು ವಿವರಿಸಿದರು. ಎರಡು ಬೀಗದಕೈಗಳು ಒಟ್ಟಿಗೆ ತಿರುಗಿದರೆ ಮಾತ್ರ ತೆರೆಯುವ ಬಾಗಿಲೆಂದು ಅದನ್ನು ಭಾವಿಸಬಹುದು. ಇವೆರಡೂ ಒಳಹೊಕ್ಕರೆ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಭೇದಿಯಲ್ಲಿ ಕರುಳಿನ ಎಷ್ಟೋ ಕೆಲಸ ಕೆಟ್ಟರೂ ಈ ಒಂದು ಬಾಗಿಲು ಕೆಡುವುದಿಲ್ಲ. ಬರಿಯ ನೀರು ಕುಡಿಸಿದರೆ ಹೆಚ್ಚು ಪಾಲು ಹಾಗೆಯೇ ಜಾರಿಹೋಗುವುದೂ, ಉಪ್ಪು ಸಕ್ಕರೆ ಕೂಡಿದ ನೀರು ಮೈಗೆ ಹತ್ತುವುದೂ ಇದರಿಂದಲೇ. ಇಲ್ಲಿ ಸಕ್ಕರೆಯ ಕೆಲಸ ರುಚಿಯಲ್ಲ, ಶಕ್ತಿಯೂ ಅಲ್ಲ. ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯುವುದು.

ಆದರೆ ಅಳತೆ ತಪ್ಪಿದರೆ ಇದೇ ವಿಷಮವಾದೀತು. ಸಿಹಿ ಹೆಚ್ಚಾದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. 1962ರಲ್ಲಿ ಮನಿಲಾದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ನಡೆಸಿದ ಪರೀಕ್ಷೆಯಲ್ಲಿ ದ್ರಾವಣ ಅತಿಯಾಗಿ ಸಾಂದ್ರವಾಗಿತ್ತು; ಐದು ರೋಗಿಗಳು ಸತ್ತರು. ಎದೆಗುಂದಿದ ಫಿಲಿಪ್ಸ್ ಆ ಕೆಲಸದಿಂದ ಹಿಂದೆ ಸರಿದರು. ಮುಂದೆ ಢಾಕಾದ ಕಾಲರಾ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರಾದಾಗ, ಎಳೆಯ ವೈದ್ಯರ ಉತ್ಸಾಹವನ್ನು ಅವರು ಶಂಕೆಯಿಂದಲೇ ನೋಡಿದ್ದು ಆಶ್ಚರ್ಯವಲ್ಲ.

ಆ ಎಳೆಯರಲ್ಲಿ ಇಬ್ಬರು ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್. 1968ರಲ್ಲಿ ಢಾಕಾದಲ್ಲಿ ಅವರು ಮಾಡಿದ್ದು ಒಂದು ಸಾಮಾನ್ಯವಾದ, ಆದರೆ ಯಾರೂ ಸರಿಯಾಗಿ ಮಾಡದಿದ್ದ ಕೆಲಸ. ರೋಗಿಯ ಮೈಯಿಂದ ಹೊರಹೋದ ನೀರನ್ನು ಗಂಟೆಗಂಟೆಗೂ ಅಳೆದು, ಅಷ್ಟೇ ಪ್ರಮಾಣದ ದ್ರಾವಣವನ್ನು ಕುಡಿಸುತ್ತ ಹೋದರು. ರಕ್ತನಾಳಕ್ಕೆ ಕೊಡಬೇಕಾದ ದ್ರವದಲ್ಲಿ ನೂರಕ್ಕೆ ಸುಮಾರು 80 ಭಾಗ ಉಳಿತಾಯವಾಯಿತು. ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ನಥೇನಿಯಲ್ ಪಿಯರ್ಸ್ ಮತ್ತು ಸಂಗಡಿಗರು ಇದೇ ತೀರ್ಮಾನಕ್ಕೆ ಬಂದರು. ಹೋದಷ್ಟನ್ನು ಹೋದಂತೆಲ್ಲ ತುಂಬು ಎಂಬ ಲಟ್ಟನ ಪಾಠ 136 ವರ್ಷಗಳ ಮೇಲೆ ಹೀಗೆ ಸಿದ್ಧವಾಯಿತು.

ಆದರೆ ದೊಡ್ಡವರ ಲೆಕ್ಕ ಕೂಸುಗಳಿಗೆ ಸಲ್ಲುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಾರ್ಬರ್ಟ್ ಹಿರ್ಶ್‌ಹಾರ್ನ್ ಒಬ್ಬರು. 1970ರ ದಶಕದ ಆದಿಯಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಅಪಾಚೆ ಬುಡಕಟ್ಟಿನ ಮಕ್ಕಳಿಗೆ ಅವರು ಈ ದ್ರಾವಣವನ್ನು ಕೊಟ್ಟು, ಬೇಕಾದಷ್ಟನ್ನು ಮಕ್ಕಳೇ ಕುಡಿಯಲಿ ಎಂದು ಬಿಟ್ಟರು. ಮಕ್ಕಳು ತಮಗೆ ಬೇಕಾದಷ್ಟನ್ನೇ ಕುಡಿದರು. ನೀರಡಿಕೆ ತೀರಿದ ಮೇಲೆ ತಾವಾಗಿಯೇ ಬಿಟ್ಟರು. ಬೇಗನೆ ಆಹಾರ ಕೊಟ್ಟದ್ದರಿಂದ ಕೇಡಾಗಲಿಲ್ಲ, ಮಕ್ಕಳು ಚೇತರಿಸಿಕೊಂಡರು. ಲಂಘನದ ಪಾಠ ಅಲ್ಲಿಗೆ ಮುಗಿಯಿತು. ಬಾಯಾರಿಕೆಯೇ ಮಗುವಿಗೆ ದೇವರು ಕೊಟ್ಟ ಅಳತೆಗೋಲೆಂದು ವೈದ್ಯರೂ ಒಪ್ಪಬೇಕಾಯಿತು.

ಇನ್ನು 1971. ಪೂರ್ವಬಂಗಾಳದ ಕದನದಿಂದ ಓಡಿಬಂದ ಲಕ್ಷಾಂತರ ಜನ ಪಶ್ಚಿಮಬಂಗಾಳದ ಗಡಿಯಲ್ಲಿ ಮಳೆಯಲ್ಲಿ ನೆನೆಯುತ್ತಿದ್ದರು. ಶಿಬಿರಗಳಲ್ಲಿ ಕಾಲರಾ ಎದ್ದಿತು. ಬನಗಾಂವಿನ ಆಸ್ಪತ್ರೆಗೆ ಡಾಕ್ಟರ್ ದಿಲೀಪ ಮಹಲಾನಬಿಸರು ಬಂದಾಗ ರೋಗಿಗಳು ನೆಲದ ಮೇಲೆ ಸಾಲಾಗಿ ಬಿದ್ದಿದ್ದರು. ನಾಳಕ್ಕೆ ಕೊಡುವ ದ್ರವದ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಮಹಲಾನಬಿಸರು ಮೂಲತಃ ಮಕ್ಕಳ ವೈದ್ಯರು, ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಮಾಡಿ ಬಂದವರು. ಇದ್ದ ದಾರಿ ಒಂದೇ ಎಂದು ಅವರು ನಿಶ್ಚಯಿಸಿದರು. ಕಲ್ಕತ್ತೆಯಲ್ಲಿ ಲೀಟರೊಂದಕ್ಕೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆಯುಪ್ಪು, 2.5 ಗ್ರಾಂ ಅಡಿಗೆಸೋಡಾದಂತೆ ತೂಗಿ ಚೀಲಗಳಲ್ಲಿ ಕಟ್ಟಿಸಿದರು. ಲೀಟರಿಗೆ ಬಿದ್ದ ಖರ್ಚು 11 ಪೈಸೆ. ಶಿಬಿರದಲ್ಲಿ ಅದನ್ನು ಪೀಪಾಯಿಗಳಲ್ಲಿ ಕರಗಿಸಿಟ್ಟರು. ಕುಡಿಸುವವರು ಯಾರು? ದಾದಿಯರು ಸಾಲುವಂತಿರಲಿಲ್ಲ. ತಾಯಂದಿರು, ಅಕ್ಕಂದಿರು, ಅಣ್ಣಂದಿರು ಲೋಟ ಹಿಡಿದು ಕುಳಿತರು.

ಅಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದ ಮೂರು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳಲ್ಲಿ, ನೂರಕ್ಕೆ 3.6ಕ್ಕೆ ಇಳಿಯಿತು. ಮಹಲಾನಬಿಸರ ತಂಡ ದ್ರಾವಣ ಮಾಡುವ ಕ್ರಮವನ್ನು ಕರಪತ್ರಗಳಲ್ಲಿ ಅಚ್ಚುಹಾಕಿಸಿ ಗಡಿಯುದ್ದಕ್ಕೂ ಹಂಚಿತು. ಆಗ ಬಾಂಗ್ಲಾದ ಹೋರಾಟಗಾರರದೊಂದು ಗುಪ್ತ ಬಾನುಲಿ ಕೇಂದ್ರವಿತ್ತು. ಆ ಕೇಂದ್ರವೂ ಈ ಕ್ರಮವನ್ನು ಬಿತ್ತರಿಸಿತು. ಕದನದ ವಾರ್ತೆಗಳ ನಡುವೆ ಮಗುವಿಗೆ ನೀರು ಬೆರೆಸುವ ಅಳತೆ! ಬಾನುಲಿಯ ಇತಿಹಾಸದಲ್ಲಿ ಇದಕ್ಕಿಂತ ಸಾರ್ಥಕವಾದ ನಿಮಿಷಗಳು ಹೆಚ್ಚಾಗಿ ಇರಲಾರವು. ಮಹಲಾನಬಿಸರು 2022ರಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು.

ಬನಗಾಂವಿನಲ್ಲಿ ಸಿದ್ಧವಾದದ್ದು ಬರಿಯ ದ್ರಾವಣವಲ್ಲ. ಮನೆಯವರ ಕೈಯೇ ಚಿಕಿತ್ಸೆಯ ಕೈಯಾಗಬಲ್ಲದು ಎಂಬ ಮಾತು. ಅದನ್ನು ದೇಶದಗಲಕ್ಕೆ ಹರಡಿದ್ದು ಮುಂದೆ ಸ್ವತಂತ್ರವಾದ ಬಾಂಗ್ಲಾದೇಶ. 1980ರಿಂದ 1990ರವರೆಗೆ ಅಲ್ಲಿನ ‘ಬ್ರಾಕ್’ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಮೇಲ್ಪಟ್ಟ ಮನೆಗಳಿಗೆ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಎದುರೇ ಮಾಡಿಸಿ ಕಲಿಸಿದರು. ಕೆಲವು ದಿನ ಬಿಟ್ಟು ಬೇರೊಬ್ಬರು ಬಂದು ತಾಯಿಗೆ ಎಷ್ಟು ನೆನಪಿದೆಯೆಂದು ಕೇಳುತ್ತಿದ್ದರು. ಕಲಿಸಿದವಳ ಸಂಬಳ ಆ ನೆನಪಿಗೆ ತಕ್ಕಂತೆ! ಆರಂಭದಲ್ಲಿ ತಾಯಂದಿರು ಕಲಿತರೇ ಹೊರತು ಬಳಸಲಿಲ್ಲ. ವಿಚಾರಿಸಿದರೆ, ಕಲಿಸಿದವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲವೆಂದು ತಿಳಿದುಬಂದಿತು. ಹೇಳುವವರು ನಂಬದ ಮಾತನ್ನು ಕೇಳುವವರು ನಂಬುವುದುಂಟೆ?

1980ರ ಸುಮಾರಿಗೆ ಲೋಕದಲ್ಲಿ ಐದು ವರ್ಷದೊಳಗಿನ ನಲವತ್ತಾರು ಲಕ್ಷ ಮಕ್ಕಳು ವರುಷವೊಂದಕ್ಕೆ ಭೇದಿಯಿಂದ ಸಾಯುತ್ತಿದ್ದರೆಂದು ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ಲಕ್ಷ ನಲವತ್ತು ಸಾವಿರ. ಈ ಇಳಿಕೆಯೆಲ್ಲ ಲವಣಜಲದ್ದೇ ಅಲ್ಲ. ಶುದ್ಧವಾದ ನೀರು, ಶೌಚಾಲಯ, ದಡಾರದ ಲಸಿಕೆ ಎಲ್ಲಕ್ಕೂ ಪಾಲುಂಟು. ಮಕ್ಕಳ ಭೇದಿಗೆ ಬಹಳಮಟ್ಟಿಗೆ ಕಾರಣವಾದ ರೋಟಾ ವೈರಸ್ಸಿನ ಲಸಿಕೆಗೂ ಪಾಲುಂಟು. ಈ ಲಸಿಕೆಯ ಶೋಧದಲ್ಲಿ ಬೆಂಗಳೂರಿನದೂ ಒಂದು ಹೆಜ್ಜೆ. ಭಾರತೀಯ ವಿಜ್ಞಾನ ಸಂಸ್ಥೆಯ ಡಾಕ್ಟರ್ ಸಿ. ದುರ್ಗಾ ರಾವ್ ಅವರ ತಂಡ, ಬೆಂಗಳೂರಿನ ಹಸುಗೂಸುಗಳಲ್ಲಿ ರೋಗ ತರದೆಯೇ ನೆಲೆಸಿದ್ದ ಒಂದು ರೋಟಾ ತಳಿಯನ್ನು ಗುರುತಿಸಿ ಅದಕ್ಕೆ ಐ 321 ಎಂದು ಹೆಸರಿಟ್ಟಿತು. ಪರೀಕ್ಷೆಯಲ್ಲಿ ದೆಹಲಿಯಲ್ಲಿ ದೊರೆತ 116 ಇ ಎಂಬ ತಳಿಯೇ ಮೇಲಾಗಿ, ಅದರಿಂದಾದ ಲಸಿಕೆ 2016ರಿಂದ ದೇಶದ ಲಸಿಕಾ ಕಾರ್ಯಕ್ರಮವನ್ನು ಸೇರಿತು. ಬೆಂಗಳೂರಿನ ತಳಿ ಹಿಂದೆ ಉಳಿಯಿತು. ಶೋಧದ ಹಾದಿಯಲ್ಲಿ ಹಿಂದೆ ಉಳಿದವರ ದುಡಿಮೆಯೂ ವ್ಯರ್ಥವಲ್ಲ.

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಔಷಧ ಸಿದ್ಧವಾಗಿದೆ, ಅಗ್ಗವಾಗಿದೆ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಟ್ಟಿಯಾಗಿಯೇ ಸಿಗುತ್ತದೆ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭೇದಿಯಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 61 ಮಕ್ಕಳಿಗೆ ಮಾತ್ರ ಓ.ಆರ್.ಎಸ್. ದೊರೆತಿತ್ತು. ಉಳಿದವರಿಗೆ ಏಕಿಲ್ಲ? ವೈದ್ಯರು ಬರೆದುಕೊಡುವುದಿಲ್ಲವೆ? ಅಂಗಡಿಯಲ್ಲಿ ಸರಕಿಲ್ಲವೆ? ಅಗ್ಗದ ಪೊಟ್ಟಣ ಬರೆದರೆ ಲಾಭವಿಲ್ಲವೆಂದೆ?

ಇದನ್ನು ಊಹೆಗೆ ಬಿಡದೆ, ಅಮೆರಿಕದ ಝಕಾರಿ ವಾಗ್ನರ್, ಬೆಂಗಳೂರಿನ ಐ.ಐ.ಎಂ.ನ ಅರ್ನಬ್ ಮುಖರ್ಜಿ ಮೊದಲಾದವರು ಕರ್ನಾಟಕ ಮತ್ತು ಬಿಹಾರಗಳ 253 ಪಟ್ಟಣಗಳಲ್ಲಿ ಪರೀಕ್ಷೆ ನಡೆಸಿದರು. ತರಬೇತಾದ ನಟರು ಎರಡು ವರ್ಷದ ಮಗುವಿನ ಪೋಷಕರ ವೇಷದಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟ ಖಾಸಗಿ ಚಿಕಿತ್ಸಕರ ಬಳಿಗೆ ಹೋಗಿ, ಮಗುವಿಗೆ ಭೇದಿಯಾಗಿದೆಯೆಂದು ಹೇಳಿದರು. ಕೆಲವರು ಓ.ಆರ್.ಎಸ್. ಪೊಟ್ಟಣದ ಚಿತ್ರ ತೋರಿಸಿ ಇದನ್ನು ಕೊಡಬಹುದೇ ಎಂದರು. ಕೆಲವರು ರೋಗಾಣುನಾಶಕ ಗುಳಿಗೆಯ ಚಿತ್ರ ತೋರಿಸಿದರು. ಕೆಲವರು ಏನನ್ನೂ ಕೇಳಲಿಲ್ಲ. ಕೆಲವು ಚಿಕಿತ್ಸಕರಿಗೆ ಮುಂಚೆಯೇ ಪೊಟ್ಟಣಗಳ ದಾಸ್ತಾನನ್ನು ಒದಗಿಸಿದ್ದರು. ಲಾಭದ ಆಸೆಯ ಪಾಲೆಷ್ಟೆಂದು ತಿಳಿಯಲು, ಔಷಧವನ್ನು ಬೇರೆ ಕಡೆ ಕೊಳ್ಳುತ್ತೇವೆಂದು ಕೆಲವರಿಂದ ಹೇಳಿಸಿದರು.

2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಬರೆದುಕೊಡದಿರುವುದಕ್ಕೆ ಸರಕಿನ ಅಭಾವದ ಪಾಲು ನೂರಕ್ಕೆ 6, ಲಾಭದ ಲೆಕ್ಕಾಚಾರದ ಪಾಲು 5. ಎಲ್ಲಕ್ಕಿಂತ ದೊಡ್ಡ ಕಾರಣ, ನೂರಕ್ಕೆ 42ರ ಪಾಲು, ಬೇರೆಯೇ ಇತ್ತು: ರೋಗಿಯ ಕಡೆಯವರಿಗೆ ಓ.ಆರ್.ಎಸ್. ಬೇಡವೆಂಬ ಚಿಕಿತ್ಸಕರ ತಪ್ಪು ಕಲ್ಪನೆ. ಪುಡಿ ಬರೆದುಕೊಟ್ಟರೆ ಇದೇನು ಔಷಧವೇ ಎಂದು ಮುಖ ಸಿಂಡರಿಸುತ್ತಾರೆ, ಸೂಜಿಯನ್ನೋ ಗುಳಿಗೆಯನ್ನೋ ನಿರೀಕ್ಷಿಸುತ್ತಾರೆ ಎಂದು ಅವರ ಎಣಿಕೆ. ತಾಯಿತಂದೆಗಳಾದರೋ ಡಾಕ್ಟರು ಹೇಳಲಿಲ್ಲ, ಆದ್ದರಿಂದ ಬೇಕಿಲ್ಲವೆಂದು ಸುಮ್ಮನಾಗುತ್ತಾರೆ. ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ನಡುವೆ ಮಗು ಬಾಯಾರಿತು. ಬಾಯಿಬಿಟ್ಟು ಕೇಳಿದ ಕಡೆಯಲ್ಲಿ ಮಾತ್ರ ಬರೆದುಕೊಡುವವರ ಸಂಖ್ಯೆ ನೂರಕ್ಕೆ 27ರಷ್ಟು ಮೇಲೇರಿ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಆದುದರಿಂದ ಈ ದೀರ್ಘ ಇತಿಹಾಸದ ಕೊನೆಯ ಅಧ್ಯಾಯ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ, ನಮ್ಮ ನಾಲಗೆಯ ಮೇಲಿದೆ. ಭೇದಿಯ ಮಗುವನ್ನು ಯಾವ ವೈದ್ಯರ ಬಳಿಗೆ ಒಯ್ದರೂ ‘ಓ.ಆರ್.ಎಸ್. ಕೊಡೋಣವೆ, ಡಾಕ್ಟರೆ?’ ಎಂದು ಕೇಳಲು ಸಂಕೋಚ ಬೇಡ.

ಮನೆಯಲ್ಲಿ ಒಂದೆರಡು ಪೊಟ್ಟಣಗಳನ್ನು ತಂದಿಟ್ಟುಕೊಳ್ಳಿ. 2002ರಿಂದ ಬಳಕೆಗೆ ಬಂದಿರುವ ಸೂತ್ರದಂತೆ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಹೆಸರು ನೋಡಿದರೆ ಸಾಲದು, ಪೊಟ್ಟಣದ ಮೇಲಿನ ಸೂತ್ರವನ್ನು ಓದಿ. ಸಿಹಿಪಾನೀಯಗಳಿಗೆ ಓ.ಆರ್.ಎಸ್. ಎಂಬ ಹೆಸರನ್ನು ಅಂಟಿಸಿ ಮಾರುತ್ತಿದ್ದುದನ್ನು ನಿಲ್ಲಿಸುವಂತೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಬೇಕಾಯಿತು. ಸಿಹಿ ಹೆಚ್ಚಾದರೆ ಆಗುವ ಕೇಡನ್ನು ಮನಿಲಾದ ಪ್ರಸಂಗದಲ್ಲಿ ಆಗಲೇ ನೋಡಿದೆವು. ದೊಡ್ಡ ಪೊಟ್ಟಣವಾದರೆ ಪೂರ್ತಿಯಾಗಿ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಹಾಕಿ. ಅರ್ಧ ಪೊಟ್ಟಣ, ಅಂದಾಜು ನೀರು ಸಲ್ಲದು. ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರು ನೀರಿಗೆ ಮಟ್ಟವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ ಐವತ್ತರಿಂದ ನೂರು ಮಿಲಿಲೀಟರು, ಅದಕ್ಕೆ ದೊಡ್ಡ ಮಕ್ಕಳಿಗೆ ನೂರರಿಂದ ಇನ್ನೂರು, ಚಮಚದಲ್ಲಿ ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ತಾಳಿ ಇನ್ನೂ ನಿಧಾನವಾಗಿ ಕೊಡಿ. ಎದೆಹಾಲನ್ನು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಉಪ್ಪು ಬೆರೆಸಿದ ಅಕ್ಕಿಗಂಜಿಯೂ ಒಳ್ಳೆಯದೇ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲನೆ ಗ್ಲೂಕೋಸಾಗಿ ಒಡೆದು ಉಪ್ಪಿನ ಬಾಗಿಲನ್ನು ತೆರೆಯುತ್ತದೆ. ಕಾಯಿಲೆಯ ಮಗುವಿಗೆ ಗಂಜಿ ಕುಡಿಸುತ್ತಿದ್ದ ಮಲೆನಾಡಿನ ಅಜ್ಜಿ ಆ ಮಟ್ಟಿಗೆ ವಿಜ್ಞಾನಕ್ಕಿಂತ ಮುಂದಿದ್ದಳು. ವೈದ್ಯರು ಕೊಡುವ ಸತುವಿನ ಗುಳಿಗೆಯನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಪೂರೈಸಿ.

ಮಗು ಕುಡಿಯಲಾರದಷ್ಟು ಮಂಕಾದರೆ, ಎಚ್ಚರತಪ್ಪಿದರೆ, ಎಷ್ಟು ಕೊಟ್ಟರೂ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಚಿವುಟಿದ ಚರ್ಮ ಹಾಗೆಯೇ ನಿಂತರೆ, ಮೂತ್ರ ಕಟ್ಟಿದರೆ ಮನೆಯಲ್ಲಿ ಇನ್ನೊಂದು ಗಳಿಗೆಯೂ ಕಾಯಬಾರದು. ಆಗ ಸೂಜಿಯ ವಿದ್ಯೆಯೇ ಬೇಕು. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಸೋಗಾನೆಯ ಸುತ್ತಿನವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವೇನಲ್ಲ. ಮಗುವಿಗೆ ನುಂಗುವ ಶಕ್ತಿಯಿದ್ದರೆ ದಾರಿಯುದ್ದಕ್ಕೂ ಗುಟುಕು ಕೊಡುತ್ತಲೇ ಹೋಗಬೇಕು. ಹೋದಷ್ಟನ್ನು ಹೋದಂತೆಲ್ಲ ತುಂಬದಿದ್ದರೆ ಏನಾಗುವುದೆಂಬುದನ್ನು ಲೀತಿನ ಆ ಮುದುಕಿಯ ಕಥೆ 1832ರಲ್ಲಿಯೇ ಹೇಳಿದೆ.

ಸೋಗಾನೆಯ ಮೇಲೆ ವಿಮಾನಗಳು ಇನ್ನೂ ಹೆಚ್ಚಾಗಿ ಹಾರಲಿ, ಆಸ್ಪತ್ರೆಗಳು ಬೆಳೆಯಲಿ. ಮಗುವಿಗೆ ಭೇದಿ ಹಿಡಿದ ಮೊದಲ ಗಳಿಗೆಯಲ್ಲಿ ಮಾತ್ರ ಅದರ ಬಳಿಯಿರುವವರು ಮನೆಯವರೇ. ಬನಗಾಂವಿನ ಶಿಬಿರದಲ್ಲಿ ಲೋಟ ಹಿಡಿದು ಕುಳಿತ ತಾಯಂದಿರಿಗೆ ಸಾಧ್ಯವಾದದ್ದು, ಕಪಾಟಿನಲ್ಲಿ ಪೊಟ್ಟಣವೂ ಒಲೆಯ ಮೇಲೆ ಕಾದ ನೀರೂ ಇರುವ ನಮಗೆ ಸಾಧ್ಯವಾಗದೆ?